ವೆಂಟಿಲೇಟರ್‌ಗೆ ವಿಮೆ ಇದೆ, ಮಾತಿಗೆ ಇಲ್ಲ

ಆರೋಗ್ಯ ವಿಮೆಯ ಪಾಲಿಸಿಯನ್ನು ಕೊನೆಯ ಪುಟದವರೆಗೆ ಓದುವವರು ಕಡಿಮೆ. ಓದಿದವರಿಗೆ, ಕಂಪನಿ ಯಾವುದಾದರೂ ಸರಿ, ಹೆಚ್ಚುಕಡಿಮೆ ಒಂದೇ ಒಕ್ಕಣೆಯ ಪಟ್ಟಿಯೊಂದು ಸಿಗುತ್ತದೆ. ಯಾವ ಯಾವ ಖರ್ಚಿಗೆ ಹಣ ಕೊಡುವುದಿಲ್ಲ ಎಂಬ ಪಟ್ಟಿ ಅದು. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2019ರಲ್ಲಿ ಅದರ ಭಾಷೆಯನ್ನು ಏಕರೂಪಗೊಳಿಸಿತು. ಪಟ್ಟಿಯ ಐದನೆಯ ಕಲಮು ವಿಶ್ರಾಂತಿ ಮತ್ತು ಶುಶ್ರೂಷೆಗೆ ಸಂಬಂಧಿಸಿದ್ದು. ಬರೀ ಮಲಗಿರಲೆಂದು ಆಸ್ಪತ್ರೆ ಸೇರಿದರೆ ಹಣವಿಲ್ಲ, ಸ್ನಾನ ಮಾಡಿಸಲು, ಬಟ್ಟೆ ತೊಡಿಸಲು ಆಳಿಟ್ಟರೆ ಹಣವಿಲ್ಲ ಎಂದು ಹೇಳಿ, ಅದರ ಬೆನ್ನಿಗೇ ಇನ್ನೊಂದು ಸಾಲು ಸೇರಿಸುತ್ತದೆ: ಸಾವು ಸಮೀಪಿಸಿರುವ ರೋಗಿಗಳ ದೈಹಿಕ, ಸಾಮಾಜಿಕ, ಭಾವನಾತ್ಮಕ ಮತ್ತು ಆಧ್ಯಾತ್ಮಿಕ ಅಗತ್ಯಗಳಿಗಾಗಿ ಒದಗಿಸುವ ಸೇವೆಗಳಿಗೂ ಹಣವಿಲ್ಲ. ಅದೇ ರೋಗಿಯನ್ನು ಐಸಿಯುಗೆ ಸೇರಿಸಿ, ಗಂಟಲಿಗೆ ನಳಿಕೆ ಇಳಿಸಿ, ವೆಂಟಿಲೇಟರ್ ಹಾಕಿದರೆ ಮಾತ್ರ ವಿಮೆಯ ಮೊತ್ತ ಕರಗುವವರೆಗೂ ಹಣ ಬರುತ್ತಿರುತ್ತದೆ. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ರೋಗಿ ವೈದ್ಯರೊಂದಿಗೆ ಕೂತು ಮಾತಾಡುವುದೂ ಚಿಕಿತ್ಸೆಯ ಒಂದು ಭಾಗವೇ. ಆ ಅರ್ಧ ಗಂಟೆಯ ಮಾತಿಗೆ ನಮ್ಮ ವಿಮೆ ಹಣ ಕೊಡಬೇಕು. ಕೊಡದಿದ್ದರೆ ನ್ಯಾಯಾಲಯಗಳು ಕೊಟ್ಟ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಕಾನೂನು ಬಂದ ದಾರಿ

ಈ ಹಕ್ಕಿನ ಚರಿತ್ರೆಯಲ್ಲಿ ಕನ್ನಡನಾಡಿನ ಹೆಣ್ಣುಮಗಳೊಬ್ಬಳ ಹೆಸರು ಅಳಿಸಲಾಗದಂತೆ ಸೇರಿಹೋಗಿದೆ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್‌ನಲ್ಲಿ ಅವರ ಮೇಲೆ ನಡೆದ ಹಲ್ಲೆಯಿಂದ ಮೆದುಳಿಗೆ ತೀವ್ರ ಹಾನಿಯಾಯಿತು. 2015ರ ಮೇ 18ರಂದು ತೀರಿಕೊಳ್ಳುವವರೆಗೂ ಅದೇ ಆಸ್ಪತ್ರೆಯ ದಾದಿಯರು ಅವರನ್ನು ನೋಡಿಕೊಂಡರು. ಅವರಿಗೆ ಬಲವಂತವಾಗಿ ಆಹಾರ ಕೊಡುವುದನ್ನು ನಿಲ್ಲಿಸಬೇಕೆಂದು ಲೇಖಕಿ ಪಿಂಕಿ ವಿರಾನಿ ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರ ಮಾರ್ಚ್ 7ರಂದು ತಳ್ಳಿಹಾಕಿತು. ಆದರೆ ಹೈಕೋರ್ಟಿನ ಒಪ್ಪಿಗೆ ಪಡೆದು ಜೀವಾಧಾರ ಚಿಕಿತ್ಸೆ ನಿಲ್ಲಿಸಬಹುದೆಂಬ ತತ್ವವನ್ನು ಅದೇ ತೀರ್ಪಿನಲ್ಲಿ ಒಪ್ಪಿಕೊಂಡಿತು. ಆ ಪ್ರಕರಣದಲ್ಲಿ ದಾದಿಯರು ಮಾತಾಡಿದರು, ಅರ್ಜಿದಾರರು ಮಾತಾಡಿದರು, ವೈದ್ಯರ ತಂಡ ವರದಿ ಕೊಟ್ಟಿತು, ನ್ಯಾಯಮೂರ್ತಿಗಳು ವಿಚಾರ ಮಾಡಿದರು. ಹಾಸಿಗೆಯಲ್ಲಿದ್ದವರಿಗೆ ಏನು ಬೇಕಿತ್ತು ಎಂಬುದಕ್ಕೆ ಮಾತ್ರ ಅವರದೇ ಬಾಯಿಂದ ಬಂದ ಒಂದು ಸಾಲೂ ಇರಲಿಲ್ಲ.

ಆ ಕೊರತೆಗೆ ಉತ್ತರ ಸಿಕ್ಕಿದ್ದು 2018ರ ಮಾರ್ಚ್ 9ರಂದು. 'ಕಾಮನ್ ಕಾಸ್' ಸಂಸ್ಥೆಯ ಅರ್ಜಿಯ ಮೇಲೆ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕೊಟ್ಟ ತೀರ್ಪು, ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದಿತು. ಪ್ರಜ್ಞೆ ನೆಟ್ಟಗಿರುವಾಗಲೇ ವ್ಯಕ್ತಿ ತನ್ನ ಇಚ್ಛೆಯನ್ನು 'ಮುಂಗಡ ವೈದ್ಯಕೀಯ ನಿರ್ದೇಶನ'ವಾಗಿ, ಅಂದರೆ ಲಿವಿಂಗ್ ವಿಲ್ ಆಗಿ ಬರೆದಿಡಬಹುದು ಎಂದೂ ಹೇಳಿತು. ಆದರೆ ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕೆಂಬ ನಿಯಮದಿಂದ ಯಾರೂ ಅದರ ಹತ್ತಿರ ಸುಳಿಯದಂತಾಯಿತು. 2023ರ ಜನವರಿ 24ರಂದು ಇನ್ನೊಂದು ಸಂವಿಧಾನ ಪೀಠ ದಾರಿಯನ್ನು ಸಲೀಸು ಮಾಡಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ತನಗೆ ಮಾತಾಡಲಾಗದ ಹೊತ್ತಿನಲ್ಲಿ ತನ್ನ ಪರವಾಗಿ ತೀರ್ಮಾನ ಹೇಳಬೇಕಾದವರ ಹೆಸರನ್ನು ಅದರಲ್ಲಿ ಬರೆಯಬೇಕು. ಚಿಕಿತ್ಸೆ ನಿಲ್ಲಿಸುವ ಸಂದರ್ಭ ಬಂದಾಗ ಆಸ್ಪತ್ರೆಯ ಪ್ರಾಥಮಿಕ ಮಂಡಳಿ, ಆಮೇಲೆ ಜಿಲ್ಲೆಯ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರೊಬ್ಬರಿರುವ ದ್ವಿತೀಯ ಮಂಡಳಿ, ಎರಡೂ ಒಪ್ಪಬೇಕು. ಸಾಧ್ಯವಾದಷ್ಟು ಮಟ್ಟಿಗೆ ಒಂದೊಂದೂ 48 ಗಂಟೆಯೊಳಗೆ ಅಭಿಪ್ರಾಯ ಹೇಳಬೇಕು. ಮ್ಯಾಜಿಸ್ಟ್ರೇಟರಿಗೆ ತಿಳಿಸಿದರಾಯಿತು.

ಈ ತೀರ್ಪನ್ನು ಆಡಳಿತದ ಆದೇಶವಾಗಿ ಇಳಿಸಿದ ಮೊದಲ ಕೆಲವೇ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಅವರಂಥವರ ವರ್ಷಗಟ್ಟಲೆಯ ಹೋರಾಟದ ಬಳಿಕ, ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿ ಆಸ್ಪತ್ರೆಗಳಲ್ಲಿ ಮಂಡಳಿಗಳನ್ನು ರಚಿಸುವ ಕ್ರಮ ಗೊತ್ತುಮಾಡಿತು. ಸುದ್ದಿ ಬಂದಾಗ 'ಕರ್ನಾಟಕದಲ್ಲಿ ದಯಾಮರಣಕ್ಕೆ ಅವಕಾಶ' ಎಂಬ ಮಾತು ಎಲ್ಲೆಡೆ ಓಡಾಡಿತು. ಅದು ದಾರಿ ತಪ್ಪಿಸುವ ಮಾತು. ಚುಚ್ಚುಮದ್ದು ಕೊಟ್ಟು ಜೀವ ತೆಗೆಯುವುದು ಈಗಲೂ ಅಪರಾಧ. ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ, ಉಪಯೋಗಕ್ಕಿಂತ ನರಳಾಟವನ್ನೇ ಹೆಚ್ಚಿಸುವ ಯಂತ್ರಗಳನ್ನು ಬೇಡವೆನ್ನಲು ಮತ್ತು ಕಾಯಿಲೆ ತನ್ನ ಪಾಡಿಗೆ ಸಾಗಲು ಬಿಡಲು ಮಾತ್ರ ಕಾನೂನು ಒಪ್ಪಿದೆ. ನೋವು, ಉಬ್ಬಸ, ಬಾಯಾರಿಕೆಗೆ ಮಾಡುವ ಆರೈಕೆ ಆಗಲೂ ನಿಲ್ಲುವುದಿಲ್ಲ.

ನೋಟರಿ ಇದ್ದಾರೆ, ವೈದ್ಯರಿಲ್ಲ

ಇಷ್ಟೆಲ್ಲ ಆದರೂ ಈ ವ್ಯವಸ್ಥೆಯಲ್ಲಿ ಒಂದು ದೊಡ್ಡ ಬಿರುಕಿದೆ. ನಿರ್ದೇಶನ ಬರೆಯುವ ಹೊತ್ತಿಗೆ ಸಾಕ್ಷಿಗಳು ಬೇಕು, ನೋಟರಿಯ ಮುದ್ರೆ ಬೇಕು. ವೈದ್ಯರೊಂದಿಗೆ ಮಾತಾಡಿರಬೇಕೆಂಬ ನಿಯಮವಿಲ್ಲ. ಕುಟುಂಬ ವೈದ್ಯರಿದ್ದರೆ ಅವರಿಗೊಂದು ಪ್ರತಿ ಕೊಡಿ ಎನ್ನುವಲ್ಲಿಗೆ ಬರವಣಿಗೆಯ ಹಂತದಲ್ಲಿ ಅವರ ಪಾತ್ರ ಮುಗಿಯುತ್ತದೆ. 2019ರಲ್ಲಿ ಜಾರಿಗೆ ಬಂದ ತೈವಾನಿನ ಕಾನೂನು ಇದಕ್ಕೆ ವಿರುದ್ಧ ದಿಕ್ಕಿನದು. ಅಲ್ಲಿ ಆಸ್ಪತ್ರೆಯ ತಂಡದೊಂದಿಗೆ ಸಮಾಲೋಚನೆ ಮಾಡದೆ ಬರೆದ ನಿರ್ದೇಶನ ಊರ್ಜಿತವೇ ಆಗದು. ಈ ವ್ಯತ್ಯಾಸ ಯಾಕೆ ಮುಖ್ಯ ಎಂಬುದಕ್ಕೆ ನಮ್ಮ ಸುಪ್ರೀಂ ಕೋರ್ಟಿನ ತೀರ್ಪಿನಲ್ಲೇ ಉತ್ತರವಿದೆ. ನಿರ್ದೇಶನದ ಮಾತು ಸ್ಪಷ್ಟವಾಗಿಲ್ಲದಿದ್ದರೆ ವೈದ್ಯಕೀಯ ಮಂಡಳಿಗಳು ಅದನ್ನು ಜಾರಿ ಮಾಡಬಾರದು ಎನ್ನುತ್ತದೆ ತೀರ್ಪು. ಅಂದಮೇಲೆ ಎಲ್ಲಿಂದಲೋ ಇಳಿಸಿಕೊಂಡ ನಮೂನೆಗೆ ಸಹಿ ಹಾಕಿ ಬೀರುವಿನಲ್ಲಿಟ್ಟವರ ಕಾಗದ, ಬೇಕಾದ ಹೊತ್ತಿಗೆ ಕೆಲಸಕ್ಕೆ ಬಾರದೆ ಹೋಗಬಹುದು.

'ನನಗೆ ವೆಂಟಿಲೇಟರ್ ಬೇಡ' ಎಂಬ ಒಂದೇ ವಾಕ್ಯವನ್ನು ತೆಗೆದುಕೊಳ್ಳಿ. ಎಪ್ಪತ್ತರ ಗಟ್ಟಿಮುಟ್ಟಾದ ವ್ಯಕ್ತಿಗೆ ನ್ಯುಮೋನಿಯಾ ಬಂದರೆ ನಾಲ್ಕಾರು ದಿನ ವೆಂಟಿಲೇಟರಿನಲ್ಲಿದ್ದು, ಚೇತರಿಸಿಕೊಂಡು, ನಡೆದೇ ಮನೆಗೆ ಹೋಗಬಹುದು. ಅಲ್ಲಿ 'ಬೇಡ' ಎಂದರೆ ಬದುಕನ್ನು ಕೈಯಾರೆ ಬಿಟ್ಟುಕೊಟ್ಟಂತೆ. ವರ್ಷಗಟ್ಟಲೆಯ ಸಿಒಪಿಡಿ ಎಂಬ ಉಸಿರಾಟದ ಕಾಯಿಲೆಯಿಂದ ಶ್ವಾಸಕೋಶ ಸೋತುಹೋದವರ ಲೆಕ್ಕ ಬೇರೆ. ಒಮ್ಮೆ ನಳಿಕೆ ಇಳಿಸಿದರೆ ಯಂತ್ರದಿಂದ ಬಿಡಿಸುವುದು ಕಷ್ಟವಾಗಿ, ಕುತ್ತಿಗೆಗೆ ತೂತು ಮಾಡಿ ನಳಿಕೆ ಕೂರಿಸುವ ಟ್ರೆಕಿಯಾಸ್ಟಮಿಯವರೆಗೆ ಹೋಗಬೇಕಾಗಬಹುದು. ನಿಂತ ಹೃದಯವನ್ನು ಎದೆ ಒತ್ತಿ ಚಾಲೂ ಮಾಡುವ ಸಿಪಿಆರ್ ಸಿನಿಮಾದಲ್ಲಿ ತೋರಿಸುವಷ್ಟು ಹಗುರವಾದದ್ದಲ್ಲ. ಬಡಕಲಾದ ವೃದ್ಧರಲ್ಲಿ ಪಕ್ಕೆಲುಬು ಮುರಿಯುವುದು ಸಾಮಾನ್ಯ, ಹರಡಿಹೋದ ಕ್ಯಾನ್ಸರ್ ಇದ್ದವರು ಆ ಬಳಿಕ ಮನೆಗೆ ಮರಳುವುದು ಅಪರೂಪ. ಮರೆವಿನ ಕಾಯಿಲೆ ಕೊನೆಯ ಹಂತಕ್ಕೆ ಬಂದವರಿಗೆ ನಳಿಕೆಯಿಂದ ಆಹಾರ ಕೊಟ್ಟರೆ ಆಯುಷ್ಯ ಹೆಚ್ಚುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಡಯಾಲಿಸಿಸನ್ನು ಇಷ್ಟು ವಾರ ಮಾಡಿ ನೋಡೋಣ, ಫಲ ಕಾಣದಿದ್ದರೆ ನಿಲ್ಲಿಸೋಣ ಎಂದು ಅವಧಿ ಕಟ್ಟಿ ಒಪ್ಪಿಕೊಳ್ಳಲೂ ಬರುತ್ತದೆ. ಇದ್ಯಾವುದನ್ನೂ ನೋಟರಿ ಹೇಳಲಾರರು. ರೋಗಿಯ ಕಾಯಿಲೆ ಗೊತ್ತಿರುವ ವೈದ್ಯರು, ಅವರಿಗೆ ಅರ್ಥವಾಗುವ ಮಾತಿನಲ್ಲಿ, ಸಾವಧಾನವಾಗಿ ಹೇಳಬೇಕು.

ಈ ಮಾತು ಮುಂಚೆಯೇ ಆಗದಿದ್ದರೆ ಏನಾಗುತ್ತದೆಂಬುದು ಐಸಿಯು ಹೊರಗಿನ ಬೆಂಚುಗಳಲ್ಲಿ ಕೂತವರಿಗೆ ಗೊತ್ತು. 'ಏನಾದರೂ ಮಾಡಿ ಉಳಿಸಿ' ಎನ್ನುತ್ತಾನೆ ಒಬ್ಬ ಮಗ. 'ಅಪ್ಪ ಹೀಗೆ ನರಳೋದು ಬೇಡ' ಎನ್ನುತ್ತಾಳೆ ಮಗಳು. ಪರದೇಶದಲ್ಲಿರುವ ಇನ್ನೊಬ್ಬ ಮಗ, ತಾನು ವಿಮಾನ ಇಳಿಯುವವರೆಗೆ ವೆಂಟಿಲೇಟರ್ ತೆಗೆಯಬೇಡಿ ಎಂದು ಫೋನಿನಲ್ಲಿ ಹೇಳುತ್ತಾನೆ. ಯಾವ ತೀರ್ಮಾನ ತೆಗೆದುಕೊಂಡರೂ ಆಮೇಲೆ ವರ್ಷಗಟ್ಟಲೆ ಮನೆಮಂದಿಯನ್ನು ಅದು ಕಾಡುತ್ತದೆ. ಚಿಕಿತ್ಸೆ ನಿಲ್ಲಿಸುವ ತೀರ್ಮಾನ ನಮ್ಮಲ್ಲಿ ಆಗುವುದೇ ಇಲ್ಲವೆಂದಲ್ಲ. ದುಡ್ಡು ಮುಗಿದ ದಿನ ಅದು ತಾನಾಗಿಯೇ ಆಗುತ್ತದೆ. 'ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ' ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡು ರೋಗಿಯನ್ನು ಕಳಿಸುತ್ತಾರೆ. ಆಂಬುಲೆನ್ಸಿನಲ್ಲಿ ಕೈಯಿಂದ ಉಸಿರು ತುಂಬುವ ಅಂಬು ಬ್ಯಾಗ್ ಒತ್ತುತ್ತಾ ಊರು ಮುಟ್ಟಿಸುತ್ತಾರೆ. ಮನೆಯಲ್ಲಿ ನೋವಿಗೆ ಮಾರ್ಫಿನ್ ಇರುವುದಿಲ್ಲ, ಉಬ್ಬಸಕ್ಕೆ ಮದ್ದಿರುವುದಿಲ್ಲ, ಕರೆದರೆ ಬರುವ ದಾದಿ ಇರುವುದಿಲ್ಲ. ಉಳ್ಳವರಿಗೆ ನಿಲ್ಲದ ಚಿಕಿತ್ಸೆ, ಇಲ್ಲದವರಿಗೆ ನೋವು ಶಮನವೂ ಇಲ್ಲದ ಬೀಳ್ಕೊಡುಗೆ. ಎರಡರಲ್ಲೂ ರೋಗಿಯ ಇಚ್ಛೆಯನ್ನು ಕೇಳಿದವರಿಲ್ಲ.

ಹಣ ಹರಿಯುವ ದಿಕ್ಕು

ಮಾತು ಯಾಕೆ ಆಗುವುದಿಲ್ಲ ಎಂದು ಕೇಳಿದರೆ ಸಾವಿನ ಮಾತೆತ್ತಲು ನಮ್ಮ ಜನ ಹಿಂಜರಿಯುತ್ತಾರೆ ಎಂಬ ಉತ್ತರ ಸುಲಭಕ್ಕೆ ಸಿಗುತ್ತದೆ. ಅದು ಅರ್ಧ ನಿಜ. ಉಳಿದರ್ಧ ದುಡ್ಡಿನ ಲೆಕ್ಕದಲ್ಲಿದೆ. ನಮ್ಮ ಆರೋಗ್ಯ ವಿಮೆ ಮೂಲತಃ ಆಸ್ಪತ್ರೆ ಸೇರುವಿಕೆಯ ವಿಮೆ. ಸಾಮಾನ್ಯವಾಗಿ 24 ಗಂಟೆಯಾದರೂ ದಾಖಲಾಗಿರಬೇಕು. ಡೇ ಕೇರ್ ಚಿಕಿತ್ಸೆಗಳಿಗೆ ಮಾತ್ರ ರಿಯಾಯಿತಿ. ಹೊರರೋಗಿಯಾಗಿ ವೈದ್ಯರನ್ನು ಕಂಡು ಮಾತಾಡಿದ್ದಕ್ಕೆ ಬಹುತೇಕ ಪಾಲಿಸಿಗಳಲ್ಲಿ ಕಾಸಿಲ್ಲ. ಎಲ್ಲ ಕಂಪನಿಗಳೂ ಒಂದೇ ಷರತ್ತಿನಲ್ಲಿ ಮಾರಬೇಕೆಂದು 2020ರಲ್ಲಿ ತಂದ 'ಆರೋಗ್ಯ ಸಂಜೀವಿನಿ' ಪಾಲಿಸಿಯನ್ನೇ ನೋಡಿ. ಐಸಿಯುಗೆ ದಿನಕ್ಕೆ ವಿಮಾ ಮೊತ್ತದ ಶೇ 5ರಷ್ಟು, ಗರಿಷ್ಠ 10,000 ರೂಪಾಯಿ ಸಿಗುತ್ತದೆ. 2 ಲಕ್ಷದ ಪಾಲಿಸಿ ಇದ್ದವರಿಗೆ ಹತ್ತು ದಿನದ ಐಸಿಯು ಬಾಡಿಗೆಗೇ 1 ಲಕ್ಷದವರೆಗೆ ದಾರಿ ತೆರೆದಿದೆ. ಆ ಹತ್ತು ದಿನ ಬೇಕೇ ಬೇಡವೇ ಎಂದು ರೋಗಿಯೊಂದಿಗೆ ಮೊದಲೇ ಮಾತಾಡಿದ ವೈದ್ಯರಿಗೆ ಅದರಲ್ಲಿ ಒಂದು ರೂಪಾಯಿಯೂ ಇಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಕೂಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಕೊಡುವುದು ಮುಖ್ಯವಾಗಿ ಒಳರೋಗಿ ಚಿಕಿತ್ಸೆಗೇ.

ಇದರ ಪರಿಣಾಮ ವೈದ್ಯರ ಕೋಣೆಯಲ್ಲಿ ಕಾಣುತ್ತದೆ. ಹೊರಗೆ ಐವತ್ತು ಮಂದಿ ಟೋಕನ್ ಹಿಡಿದು ಕೂತಿರುವಾಗ ಒಬ್ಬ ರೋಗಿಗೆ ಅರ್ಧ ಗಂಟೆ ಕೊಡುವುದು ಒಳ್ಳೆಯ ಮನಸ್ಸಿನ ವೈದ್ಯರಿಗೂ ಆಗದ ಮಾತು. ಸರ್ಕಾರಿ ಆಸ್ಪತ್ರೆಯಲ್ಲಿ ಈ ಕೆಲಸ ಯಾವ ವರದಿಯಲ್ಲೂ ಲೆಕ್ಕಕ್ಕೆ ಬರುವುದಿಲ್ಲ, ಖಾಸಗಿಯಲ್ಲಿ ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ಲೆಕ್ಕಕ್ಕೆ ಬಾರದ ಕೆಲಸ ನಾಳೆಗೆ, ನಾಡಿದ್ದಿಗೆ ತಳ್ಳಲ್ಪಡುತ್ತದೆ. ನಾಡಿದ್ದು ಬರುವಾಗ ರೋಗಿಗೆ ಪ್ರಜ್ಞೆ ಇರುವುದಿಲ್ಲ. ಹಾಗಾಗಿ ಮಾತಿಗೊಂದು ದರ ಗೊತ್ತುಮಾಡುವುದೆಂದರೆ ಅದಕ್ಕೆ ಸಮಯ, ಜಾಗ ಮತ್ತು ದಾಖಲೆಯನ್ನೂ ಗೊತ್ತುಮಾಡಿದಂತೆ.

ಅಮೆರಿಕ ಕಲಿಸಿದ ಪಾಠ

ಇದನ್ನು ಮಾಡಿ ನೋಡಿದ ದೇಶಗಳಿವೆ. ಅಮೆರಿಕದ ವೃದ್ಧರಿಗೆ ಸರ್ಕಾರ ನಡೆಸುವ ವಿಮೆ ಮೆಡಿಕೇರ್. 2009ರಲ್ಲಿ ಒಬಾಮ ಸರ್ಕಾರದ ಆರೋಗ್ಯ ಸುಧಾರಣಾ ಮಸೂದೆ ಚರ್ಚೆಯಲ್ಲಿದ್ದಾಗ, ಒರೆಗಾನ್ ರಾಜ್ಯದ ಸಂಸದ ಅರ್ಲ್ ಬ್ಲೂಮೆನಾರ್ ಅದರಲ್ಲೊಂದು ಸಣ್ಣ ಅಂಶ ಸೇರಿಸಿದ್ದರು. ಇಷ್ಟವಿದ್ದವರು ಐದು ವರ್ಷಕ್ಕೊಮ್ಮೆ ಕೊನೆಗಾಲದ ಚಿಕಿತ್ಸೆಯ ಬಗ್ಗೆ ವೈದ್ಯರೊಂದಿಗೆ ಸಮಾಲೋಚನೆ ಮಾಡಿದರೆ ಮೆಡಿಕೇರ್ ಅದರ ಶುಲ್ಕ ಕೊಡಲಿ ಎಂಬುದಷ್ಟೇ ಅದರ ಸಾರ. ಆ ಆಗಸ್ಟ್‌ನಲ್ಲಿ ರಿಪಬ್ಲಿಕನ್ ನಾಯಕಿ ಸಾರಾ ಪೇಲಿನ್, ಯಾರು ಬದುಕಬೇಕೆಂದು ಸರ್ಕಾರದ 'ಡೆತ್ ಪ್ಯಾನೆಲ್' ತೀರ್ಮಾನಿಸುತ್ತದೆ ಎಂದು ಆರೋಪ ಹೊರಿಸಿದರು. ಮಸೂದೆಯಲ್ಲಿ ಅಂಥ ಮಂಡಳಿಯೇ ಇರಲಿಲ್ಲ, ಆದರೂ ಹೆದರಿಕೆ ಕಾಳ್ಗಿಚ್ಚಿನಂತೆ ಹಬ್ಬಿತು, ಆ ಅಂಶವನ್ನು ಕೈಬಿಡಬೇಕಾಯಿತು. 2011ರ ಜನವರಿಯಲ್ಲಿ ನಿಯಮದ ಮೂಲಕ ತರಲು ಹೊರಟ ಸರ್ಕಾರ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ಕೊನೆಗೆ 2016ರ ಜನವರಿ 1ರಿಂದ ಮೆಡಿಕೇರ್ ಹಣ ಕೊಡಲು ಶುರುಮಾಡಿತು. ಮೊದಲ ಅರ್ಧ ಗಂಟೆಗೆ ಆಗಿನ ದರ ಸುಮಾರು 86 ಡಾಲರ್, ಮುಂದಿನ ಅರ್ಧ ಗಂಟೆಗೆ ಬೇರೆ ದರ. ವಾರ್ಷಿಕ ತಪಾಸಣೆಯ ಜೊತೆಗೇ ಮಾತಾಡಿದರೆ ರೋಗಿ ಕೈಯಿಂದ ಏನೂ ಕೊಡಬೇಕಿಲ್ಲ. ಬೇರೆ ದಿನ ಹೋದರೆ ಸಾಮಾನ್ಯವಾಗಿ ಶೇ 20ರಷ್ಟನ್ನು ತಾನೇ ಭರಿಸಬೇಕು.

ಫಲಿತಾಂಶ ಪವಾಡದಂಥದ್ದೇನಲ್ಲ, ಅದನ್ನೂ ಹೇಳಬೇಕು. ಮೊದಲ ವರ್ಷ ಈ ಸೌಲಭ್ಯ ಬಳಸಿದವರು ಸುಮಾರು 5.75 ಲಕ್ಷ. ಐದೂವರೆ ಕೋಟಿಗೂ ಹೆಚ್ಚು ಫಲಾನುಭವಿಗಳಿರುವ ಯೋಜನೆಯಲ್ಲಿ ಇದು ನೂರಕ್ಕೆ ಒಬ್ಬರ ಲೆಕ್ಕ. ಬರೀ ದರ ಗೊತ್ತುಮಾಡಿದ ಮಾತ್ರಕ್ಕೆ ವೈದ್ಯರ ನಾಲಿಗೆ ಸಡಿಲವಾಗುವುದಿಲ್ಲ. ಕೆಟ್ಟ ಸುದ್ದಿ ಹೇಳುವುದನ್ನು ಅವರಿಗೆ ಕಲಿಸಬೇಕು, ದಾದಿಯರು ಮತ್ತು ಸಮಾಜ ಕಾರ್ಯಕರ್ತರನ್ನೂ ಈ ಕೆಲಸಕ್ಕೆ ಸಜ್ಜುಗೊಳಿಸಬೇಕು. ವಿಸ್ಕಾನ್ಸಿನ್ ರಾಜ್ಯದ ಲಾ ಕ್ರಾಸ್ ಊರು ಇದಕ್ಕೆ ಉದಾಹರಣೆ. ಅಲ್ಲಿನ ಆಸ್ಪತ್ರೆಗಳು ಮೆಡಿಕೇರ್ ಹಣ ಬರುವುದಕ್ಕೆ ಬಹಳ ಮುಂಚೆ, 1991ರ ಸುಮಾರಿಗೇ, ತರಬೇತಾದ ಕಾರ್ಯಕರ್ತರ ಮೂಲಕ ಈ ಮಾತುಕತೆಯನ್ನು ಊರಿನ ರೂಢಿಯಾಗಿ ಮಾಡಿದವು. ಅಲ್ಲಿ ಸಾಯುವವರಲ್ಲಿ ಬಹುಪಾಲು ಜನರ ಇಚ್ಛೆ ಬರಹದಲ್ಲಿರುತ್ತದೆ. ಜರ್ಮನಿಯೂ 2015ರ ಕೊನೆಯಲ್ಲಿ ಕಾನೂನು ಮಾಡಿ, ವೃದ್ಧಾಶ್ರಮಗಳಲ್ಲಿ ಇಂಥ ಸಮಾಲೋಚನೆಗೆ ಸಾಮಾಜಿಕ ಆರೋಗ್ಯ ವಿಮೆಯಿಂದ ಹಣ ಸಿಗುವಂತೆ ಮಾಡಿತು. ಹಣ ಬಾಗಿಲು ತೆರೆಯುತ್ತದೆ, ಒಳಗೆ ನಡೆಯಲು ತರಬೇತಿ ಬೇಕು ಎಂಬುದು ಈ ಅನುಭವಗಳ ತಾತ್ಪರ್ಯ.

ಎತ್ತಬಹುದಾದ ಆಕ್ಷೇಪಗಳು

ಮೊದಲ ಆಕ್ಷೇಪ ಗಂಭೀರವಾದದ್ದು. ರೋಗಿ ಬೇಗ ಸತ್ತಷ್ಟೂ ವಿಮಾ ಕಂಪನಿಗೆ ಉಳಿತಾಯ. ಹಾಗಿರುವಾಗ ಅದೇ ಕಂಪನಿಯ ಹಣದಲ್ಲಿ 'ಚಿಕಿತ್ಸೆ ಬೇಕೇ' ಎಂದು ಕೇಳಿಸಿದರೆ ಉತ್ತರ ಯಾವ ಕಡೆ ವಾಲೀತು? ಈ ಅನುಮಾನವನ್ನು ತಳ್ಳಿಹಾಕದೆ ನಿಯಮದಲ್ಲೇ ಕಟ್ಟಿಹಾಕಬೇಕು. ಶುಲ್ಕ ಮಾತಿಗೆ ಸಿಗಬೇಕೇ ಹೊರತು ಅದರ ಫಲಿತಾಂಶಕ್ಕಲ್ಲ. 'ಕೊನೆಯವರೆಗೂ ಎಲ್ಲ ಚಿಕಿತ್ಸೆ ಬೇಕು' ಎಂದು ರೋಗಿ ಹೇಳಿದರೂ ವೈದ್ಯರಿಗೆ ಅಷ್ಟೇ ಹಣ. ಏನು ಮಾತಾಯಿತು ಎಂಬುದು ಕಂಪನಿಯ ಕೈಗೆ ಹೋಗಬಾರದು, ಮಾತಾಯಿತು ಎಂಬ ದೃಢೀಕರಣ ಸಾಕು. ನಿರ್ದೇಶನ ಬರೆದವರಿಗೆ ಕಂತಿನಲ್ಲಿ ರಿಯಾಯಿತಿಯೂ ಕೂಡದು, ಬರೆಯದವರಿಗೆ ದಂಡವೂ ಕೂಡದು. ಇಂದಿನ ವ್ಯವಸ್ಥೆಯನ್ನು ನಿಷ್ಪಕ್ಷಪಾತ ಎಂದುಕೊಳ್ಳುವಂತೆಯೂ ಇಲ್ಲ. ಯಂತ್ರಕ್ಕೆ ಮಾತ್ರ ಹಣ ಕೊಡುವ ವಿಮೆ ಈಗಾಗಲೇ ಒಂದು ಪಕ್ಷ ವಹಿಸಿದೆ. ಚಿಕಿತ್ಸೆ ಕಡಿಮೆಯಾದರೆ ಆಯುಷ್ಯವೂ ಕಡಿಮೆ ಎಂಬ ಲೆಕ್ಕವೂ ಯಾವಾಗಲೂ ಸರಿಯಲ್ಲ. ಅಮೆರಿಕದಲ್ಲಿ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ರೋಗಿಗಳ ಮೇಲೆ ನಡೆದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲಿನಿಂದಲೇ ನೋವು, ನರಳಾಟ ತಗ್ಗಿಸುವ ಉಪಶಾಮಕ ಆರೈಕೆ ಪಡೆದವರಿಗೆ ಕೊನೆಯಲ್ಲಿ ತೀವ್ರ ಚಿಕಿತ್ಸೆ ಕಡಿಮೆ ಆಗಿತ್ತು. ಆದರೆ ಅವರು ಬದುಕಿದ ಮಧ್ಯಕ ಅವಧಿ 11.6 ತಿಂಗಳು, ಉಳಿದವರದ್ದು 8.9 ತಿಂಗಳು.

ಎರಡನೆಯದು ಸಂಸ್ಕೃತಿಯ ಹೆಸರಿನ ಆಕ್ಷೇಪ. ಸಾವಿನ ಮಾತೆತ್ತಿದರೆ 'ಬಿಡ್ತು ಅನ್ನು' ಎನ್ನುವ ಮನೆಗಳು ನಮ್ಮವು. ಕಾಯಿಲೆಯ ಹೆಸರನ್ನೇ ರೋಗಿಯಿಂದ ಮುಚ್ಚಿಡುವ ಮಕ್ಕಳಿದ್ದಾರೆ, ಹೇಳಿದರೆ ಎದೆಗುಂದುತ್ತಾರೆ ಎಂಬ ಭಯ ಅವರದು. ಆದರೆ ಅದೇ ಮನೆಗಳ ಹಿರಿಯರು 'ಯಾರಿಗೂ ಭಾರವಾಗದೆ, ನರಳದೆ ಹೋಗಬೇಕು' ಎಂದು ದೇವರಲ್ಲಿ ದಿನವೂ ಕೇಳಿಕೊಳ್ಳುತ್ತಾರೆ. ಸಾವಿನ ಬಗ್ಗೆ ಅವರು ಮಾತಾಡುವುದಿಲ್ಲ ಎನ್ನುವುದಕ್ಕಿಂತ, ಆ ಮಾತನ್ನು ನಾವು ಕೇಳಿಸಿಕೊಳ್ಳುವುದಿಲ್ಲ ಎನ್ನುವುದೇ ಹೆಚ್ಚು ಸರಿ. ಎದೆಗುಂದುತ್ತಾರೆ ಎಂಬ ಭಯಕ್ಕೂ ಸಂಶೋಧನೆ ಒತ್ತಾಸೆ ಕೊಟ್ಟಿಲ್ಲ. ಕ್ಯಾನ್ಸರ್ ಮುಂದುವರಿದ 332 ರೋಗಿಗಳ ಬಗ್ಗೆ 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ವೈದ್ಯರೊಂದಿಗೆ ಕೊನೆಗಾಲದ ಮಾತುಕತೆ ಮಾಡಿದವರಲ್ಲಿ ಖಿನ್ನತೆ ಹೆಚ್ಚಿದ್ದು ಕಾಣಲಿಲ್ಲ. ಮೆಲ್ಬರ್ನ್‌ನಲ್ಲಿ ಎಂಬತ್ತು ದಾಟಿದ 309 ರೋಗಿಗಳ ನಡುವೆ ನಡೆದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾತುಕತೆ ನಡೆಸಿ ಬಳಿಕ ತೀರಿಕೊಂಡವರಲ್ಲಿ ಶೇ 86ರಷ್ಟು ಮಂದಿಯ ಇಚ್ಛೆ ತಿಳಿದಿತ್ತು, ಪಾಲನೆಯೂ ಆಗಿತ್ತು. ನಡೆಸದವರಲ್ಲಿ ಅದು ಶೇ 30 ಮಾತ್ರ. ಮಾತುಕತೆ ನಡೆಸಿ ತೀರಿಕೊಂಡವರ ಕುಟುಂಬದವರಲ್ಲೂ ಆತಂಕ, ಖಿನ್ನತೆ ಕಡಿಮೆ ಇತ್ತು. ರೋಗಿ ಒಬ್ಬರೇ ಕೂತು ತೀರ್ಮಾನಿಸಬೇಕೆಂದೂ ಇಲ್ಲ. ಮನೆಯವರೊಂದಿಗೆ ಸೇರಿ ಮಾತಾಡುವುದು ನಮ್ಮ ರೀತಿ, ಅದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಮೂರನೆಯದು ಆಸ್ತಿಯ ಆಕ್ಷೇಪ. ಹೊಲಮನೆಗಾಗಿ ಹೆತ್ತವರಿಂದ ಬಲವಂತವಾಗಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮಕ್ಕಳು ಇದಕ್ಕೂ ಒತ್ತಿಸಿಕೊಳ್ಳಲಾರರೇ ಎಂಬ ಪ್ರಶ್ನೆ ನಮ್ಮಲ್ಲಿ ಅತಿಯಾದದ್ದೇನೂ ಅಲ್ಲ. ಆ ಕಾರಣಕ್ಕೇ ಎರಡು ಮಂಡಳಿಗಳ ಒಪ್ಪಿಗೆಯಿಲ್ಲದೆ ಚಿಕಿತ್ಸೆ ನಿಲ್ಲಿಸುವಂತಿಲ್ಲ, ಬರೆದವರು ಬುದ್ಧಿ ಸ್ಥಿಮಿತದಲ್ಲಿರುವವರೆಗೂ ಲಿಖಿತವಾಗಿ ಹಿಂತೆಗೆದುಕೊಳ್ಳಬಹುದು. ಆದರೂ ಬಲವಂತವನ್ನು ಮೊದಲೇ ಹಿಡಿಯಬಲ್ಲವರು ವೈದ್ಯರೇ. ರೋಗಿಯನ್ನು ಸ್ವಲ್ಪ ಹೊತ್ತು ಒಬ್ಬರನ್ನೇ ಕೂರಿಸಿಕೊಂಡು ಮಾತಾಡಿಸುವ ಅವಕಾಶ ಇರುವುದು ಅವರ ಕೋಣೆಯಲ್ಲಿ. ಹಣ ಕೊಟ್ಟು ಮಾತುಕತೆಯನ್ನು ಕಡ್ಡಾಯ ಕ್ರಮದೊಳಗೆ ತಂದರೆ, ನೋಟರಿಯ ಮೇಜಿನ ಮೇಲೆ ಮುಗಿಯುವ ಕಾಗದಕ್ಕಿಂತ ಹಿರಿಯರಿಗೆ ಹೆಚ್ಚು ರಕ್ಷಣೆ ಸಿಗುತ್ತದೆ.

ನಾಲ್ಕನೆಯ ಆಕ್ಷೇಪ ವೈದ್ಯಲೋಕದ ಒಳಗಿನಿಂದಲೇ ಬಂದದ್ದು. ಕೊನೆಗಾಲದ ಆರೈಕೆಯಲ್ಲಿ ಪಳಗಿದ ಅಮೆರಿಕದ ಮೂವರು ತಜ್ಞರು 2021ರಲ್ಲಿ ವೈದ್ಯಕೀಯ ಪತ್ರಿಕೆ 'ಜಾಮಾ'ದಲ್ಲಿ ಬರೆಯುತ್ತಾ, ಮುಂಗಡ ಯೋಜನೆ ದಶಕಗಳ ಪ್ರಯತ್ನದ ಬಳಿಕವೂ ನಿರೀಕ್ಷಿಸಿದ ಫಲ ಕೊಟ್ಟಿಲ್ಲ ಎಂದರು. ಆರೋಗ್ಯವಾಗಿದ್ದಾಗ ಆಡಿದ ಮಾತು ಕಾಯಿಲೆ ಬಿದ್ದಾಗ ಬದಲಾಗುತ್ತದೆ, ಮುಂದೆ ಬರುವ ಸಂದರ್ಭವನ್ನು ಮೊದಲೇ ಊಹಿಸಿ ಬರೆಯಲಾಗದು ಎಂಬುದು ಅವರ ವಾದ. ಅವರ ಟೀಕೆಗೆ ಗುರಿಯಾದದ್ದು ಒಮ್ಮೆ ಬರೆದು ಮರೆತುಬಿಡುವ ಕಾಗದ. ತನ್ನ ಪರವಾಗಿ ಮಾತಾಡುವವರನ್ನು ಆರಿಸುವುದು ಮತ್ತು ಕಾಯಿಲೆ ಬಂದಾಗ ವೈದ್ಯರು ಸರಿಯಾಗಿ ಮಾತಾಡುವುದು ಮುಖ್ಯ ಎಂದು ಅವರೂ ಒಪ್ಪುತ್ತಾರೆ. ಹಾಗಾಗಿ ವಿಮೆ ಹಣ ಕೊಡಬೇಕಾದದ್ದು ಒಂದು ಸಹಿಗಲ್ಲ. ಕಾಯಿಲೆಯ ಪ್ರತಿ ದೊಡ್ಡ ತಿರುವಿನಲ್ಲೂ ಮತ್ತೆ ಮಾತಾಡಲು ಹಣ ಸಿಗಬೇಕು. ಇಷ್ಟಾದರೂ ಒಂದು ಎಚ್ಚರ ಉಳಿಯುತ್ತದೆ. 'ಐಸಿಯು ಬೇಡ' ಎಂದವರಿಗೆ ಅದರ ಬದಲು ಏನು ಕೊಡುತ್ತೇವೆ? ಬೆಂಗಳೂರಿನ ಕರುಣಾಶ್ರಯ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ. ಆಯುಷ್ಮಾನ್ ಆರೋಗ್ಯ ಮಂದಿರಗಳ 12 ಬಗೆಯ ಸೇವೆಗಳಲ್ಲಿ ಉಪಶಾಮಕ ಆರೈಕೆಯೂ ಕಾಗದದ ಮೇಲೆ ಸೇರಿದೆ. ದಾನಿಗಳ ಕೈ ಮತ್ತು ಸರ್ಕಾರದ ಕಾಗದದ ನಡುವೆ ಇರುವ ದೊಡ್ಡ ತೆರವನ್ನು ತುಂಬಬೇಕಾದದ್ದು ವಿಮೆ. ಮನೆಗೆ ಬರುವ ದಾದಿ, ನೋವಿನ ಔಷಧಿ, ಕೊನೆಗಾಲದ ಆರೈಕೆ ಮಾಡುವ ಹಾಸ್ಪೀಸಿನ ಹಾಸಿಗೆ ಇವುಗಳಿಗೆ ಹಣ ಸಿಗದಿದ್ದರೆ ಬರೀ ಮಾತಿಗೆ ಹಣ ಕೊಡುವುದು ರೋಗಿಯನ್ನು ನಡುನೀರಿನಲ್ಲಿ ಕೈಬಿಟ್ಟಂತೆ.

ಮಾಡಬೇಕಾದದ್ದು

ಸರ್ಕಾರ ಮತ್ತು ಐಆರ್‌ಡಿಎಐ ಮಾಡಬೇಕಾದ ಕೆಲಸ ದೊಡ್ಡ ಕಾನೂನನ್ನು ಬೇಡುವುದಿಲ್ಲ. ಸಾವು ಸಮೀಪಿಸಿದವರ ಸೇವೆಯನ್ನು ಹೊರಗಿಡುವ ಆ ಒಂದು ಸಾಲನ್ನು ಕಲಮಿನಿಂದ ತೆಗೆಯಬೇಕು. ಹೊರರೋಗಿಯಾಗಿ ನಡೆಯುವ ಕೊನೆಗಾಲದ ಸಮಾಲೋಚನೆಗೆ ಎಲ್ಲ ಪಾಲಿಸಿಗಳಲ್ಲೂ ಒಂದು ನಿಗದಿತ ಮೊತ್ತ ಕಡ್ಡಾಯವಾಗಿ ಇರಬೇಕು, ಅದರಲ್ಲಿ ರೋಗಿಯ ಪಾಲು ಸೊನ್ನೆಯಾಗಿರಬೇಕು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಚಿಕಿತ್ಸಾ ಪಟ್ಟಿಯಲ್ಲಿ ಇದಕ್ಕೊಂದು ಸಂಖ್ಯೆ ಕೊಟ್ಟರೆ ಸರ್ಕಾರಿ ಆಸ್ಪತ್ರೆಯ ವೈದ್ಯರ ಸಮಯವೂ ಲೆಕ್ಕಕ್ಕೆ ಬರುತ್ತದೆ. ಕಾನೂನು ಪ್ರಕಾರ ಜೀವಾಧಾರ ಚಿಕಿತ್ಸೆ ನಿಲ್ಲಿಸಿದಾಗ ಆಗುವ ಸಾವು ಕಾಯಿಲೆಯಿಂದಲೇ ಆದ ಸಾವು, ಅದರಿಂದ ಯಾವ ಕ್ಲೇಮೂ ತಿರಸ್ಕೃತವಾಗದು ಎಂದು ಪಾಲಿಸಿಯಲ್ಲೇ ಸರಳ ಕನ್ನಡದಲ್ಲಿ ಮುದ್ರಿಸಿದರೆ ಅರ್ಧ ಹೆದರಿಕೆ ಹೋಗುತ್ತದೆ.

ಅದೆಲ್ಲ ಆಗುವವರೆಗೆ ಕಾಯಬೇಕಾಗಿಲ್ಲ. ಗುಣವಾಗದ ಕಾಯಿಲೆ ಇರುವವರು, ಎಪ್ಪತ್ತು ದಾಟಿದವರು ತಮ್ಮ ವೈದ್ಯರ ಬಳಿ ಇದಕ್ಕೆಂದೇ ಬೇರೆ ಸಮಯ ಕೇಳಿ ಪಡೆಯಬಹುದು, ಶುಲ್ಕ ಕೈಯಿಂದ ಕೊಟ್ಟಾದರೂ ಸರಿ. ಮುಂದೆ ತಮ್ಮ ಪರವಾಗಿ ಮಾತಾಡಬೇಕಾದವರನ್ನು ಜೊತೆಗೆ ಕರೆದೊಯ್ಯಬೇಕು. ನನ್ನ ಕಾಯಿಲೆ ಮುಂದೆ ಯಾವ ದಾರಿ ಹಿಡಿಯಬಹುದು, ಉಸಿರಾಟ ಕಷ್ಟವಾದರೆ ಏನೇನು ಮಾಡಬಹುದು, ಅದರಿಂದ ಎದ್ದು ಓಡಾಡುವ ಸಾಧ್ಯತೆ ಎಷ್ಟು, ಮನೆಯಲ್ಲೇ ನೋವು ತಗ್ಗಿಸಲು ಯಾರು ನೆರವಾಗುತ್ತಾರೆ ಎಂದು ಕೇಳಬೇಕು. ಉತ್ತರ ತಿಳಿದ ಮೇಲೆ ಬರೆಯಬೇಕು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ ದೃಢೀಕರಿಸಿ, ಪ್ರತಿಗಳನ್ನು ವೈದ್ಯರಿಗೂ ಮನೆಯವರಿಗೂ ಕೊಡಬೇಕು. ವಿಮೆ ನವೀಕರಿಸುವಾಗ ಏಜೆಂಟರಿಗೆ ಕೊನೆಗಾಲದ ಆರೈಕೆಗೆ ಏನು ಸಿಗುತ್ತದೆ ಎಂದು ಕೇಳುವುದೂ ಇದರ ಭಾಗವೇ. ಹೆಚ್ಚು ಜನ ಕೇಳಿದ ಪ್ರಶ್ನೆಗೆ ಕಂಪನಿಗಳು ಇವತ್ತಲ್ಲ ನಾಳೆ ಉತ್ತರ ಹುಡುಕಲೇಬೇಕಾಗುತ್ತದೆ. ಕೊನೆಗಾಲದ ತೀರ್ಮಾನ ಹೇಗೂ ಆಗಿಯೇ ಆಗುತ್ತದೆ. ಅದನ್ನು ಬಿಲ್ಲಿನ ಮೊತ್ತ ಮಾಡಬೇಕೋ, ಐಸಿಯು ಬಾಗಿಲಲ್ಲಿ ದಿಕ್ಕು ತೋಚದೆ ನಿಂತ ಮಕ್ಕಳು ಮಾಡಬೇಕೋ, ವೈದ್ಯರಿಂದ ಎಲ್ಲ ತಿಳಿದುಕೊಂಡ ರೋಗಿಯೇ ಮಾಡಬೇಕೋ ಎಂಬುದಷ್ಟೇ ನಮ್ಮ ಮುಂದಿರುವ ಆಯ್ಕೆ. ಮೂರನೆಯದಕ್ಕೆ ಆಗುವ ಖರ್ಚು ಐಸಿಯುವಿನ ಒಂದು ದಿನದ ಬಾಡಿಗೆಗಿಂತ ಹೆಚ್ಚಾಗಲಾರದು.